ಒಂದೇ ಕ್ಲಿಕ್ಕಿಗೆ ಮಾತಾಡುತ್ತಿದ್ದ ನೀಲಕ್ಕ

ನೀಲಕ್ಕ ಮನುಷ್ಯರಿಗೆ ಇಂಗ್ಲಿಷಿನಲ್ಲಿ ಬೈಯುತ್ತಿದ್ದರು, ಕಂಪ್ಯೂಟರಿಗೆ ಕನ್ನಡದಲ್ಲಿ. ಚಾಟ್ಸ್‌ವರ್ತಿನಲ್ಲಿದ್ದ ನಮ್ಮ ಆಫೀಸು ಗೋದಾಮಿನಂಥ ಒಂದು ಕಟ್ಟಡ. ಅದರ ಹಿಂದಿನ ಮೂಲೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ವಿಭಾಗ. ಅಲ್ಲಿಂದ ದಿನಕ್ಕೊಮ್ಮೆಯಾದರೂ "ಏ ಖೋಡಿ, ಬಾಯಿ ಬಿಡ! ಏನಾಗೈತಿ ನಿನಗ?" ಎಂಬ ಕೂಗು ಬರುತ್ತಿತ್ತು. ಹೊಸದಾಗಿ ಸೇರಿದ ಹುಡುಗರು ಗಾಬರಿಯಿಂದ ತಲೆಯೆತ್ತಿದರೆ ಹಳಬರು, "ಏನಿಲ್ಲ, ನೀಲಾ ಮಷಿನ್ ಜೊತೆ ಮಾತಾಡ್ತಿದ್ದಾಳೆ" ಎಂದು ಸಮಾಧಾನ ಹೇಳುತ್ತಿದ್ದರು. ಯಾಕಕ್ಕಾ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ.

"ಮನಷ್ಯಾರಿಗೆ ಕನ್ನಡದಾಗ ಬೈದ್ರ ಎದಿಗೆ ಹತ್ತತೈತಿ, ಹಂಗ ಉಳೀತೈತಿ. ಇಂಗ್ಲಿಷಿನ್ಯಾಗ ಬೈದ್ರ ಸಂಜೀಕ ಮರತ ಹೋಗತಾರ. ಮಷಿನ್ನಿಗೆ ಏನ್, ಎದೀನ ಇಲ್ಲ."

ಪೂರ್ತಿ ಹೆಸರು ನೀಲಾಂಬಿಕಾ. ಊರು ಹುಬ್ಬಳ್ಳಿ. ನಾನು ಕೆಲಸಕ್ಕೆ ಸೇರಿದ ದಿನ ಉಡುಪಿಯವಳು ಎಂದು ಗೊತ್ತಾದ ಕೂಡಲೇ ವಿದ್ಯಾ ಎಂಬ ನನ್ನ ಹೆಸರು ಅವರ ಪಾಲಿಗೆ ಮುಗಿದು ಹೋಯಿತು. "ಏ ಉಡುಪಿ, ಬಾ ಇಲ್ಲೆ." ಅವರ ವಯಸ್ಸು ನೋಡಿ ನಾನು ಆಂಟಿ ಎಂದೆ. "ಆಂಟಿ ಅಂದ್ರ ಕೆಲಸಾ ಕಲಸೂದಿಲ್ಲ ನೋಡ. ಅಕ್ಕಾ ಅನ್ನ" ಎಂದು ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು. ಹಣೆಯಲ್ಲಿ ತೆಳ್ಳಗೆ ವಿಭೂತಿ, ಕಾಲಲ್ಲಿ ಓಟಗಾರರ ಬೂಟು. ವಾರದ ದಿನಗಳಲ್ಲಿ ಆಫೀಸಿನ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶುಕ್ರವಾರ ಮಧ್ಯಾಹ್ನ ಎಲ್ಲರಿಗಿಂತ ಮೊದಲು ಎದ್ದು ಸ್ಯಾನ್ ಡಿಯಾಗೋ ಕಡೆ ಕಾರು ಹೊಡೆಯುತ್ತಿದ್ದರು. ಅಲ್ಲಿ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಅವರ ಮನೆ, ಗಂಡ ಶಿವಾನಂದ, ಕಾಲೇಜಿಗೆ ಹೋಗುವ ಮಗಳು ಮೇಘಾ.

ಆಫೀಸು ಕೊಟ್ಟ ಲ್ಯಾಪ್‌ಟಾಪನ್ನು ಅವರು ಆಫೀಸಿನ ಕೆಲಸಕ್ಕೆ ಮಾತ್ರ ಮುಟ್ಟುತ್ತಿದ್ದರು. ಸ್ವಂತದ್ದು ಮೂಲೆಗಳು ಸವೆದ ಒಂದು ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಲಿನಕ್ಸ್, ಯಾವ ಕಂಪನಿಯ ಒಡೆತನವೂ ಇಲ್ಲದ, ಕಂಪ್ಯೂಟರ್ ನಡೆಸುವ ತಂತ್ರಾಂಶ. "ನನ್ನ ಮಷಿನ್ ನಾ ಹೇಳಿದ್ದ ಕೇಳಬೇಕು. ಅದರ ಕಂಪನಿ ಹೇಳಿದ್ದಲ್ಲ" ಎನ್ನುತ್ತಿದ್ದರು. ನನಗೆ ಲಿನಕ್ಸ್ ಕಲಿಸಿದವರು ಅವರೇ. ಒಂದು ಸಲ ಡಿಫಾಲ್ಟ್ ಪ್ರೋಗ್ರಾಮ್ ಅಂದರೇನು ಎಂದು ನಾನು ಕೇಳಿದಾಗ ಚಹಾದ ಕಪ್ಪು ಕೆಳಗಿಟ್ಟು ಹೇಳಿದರು: "ನೀ ಒಂದ ಮನಿಗೆ ಹೋಗತಿ. ಯಾರ ಹೆಸರೂ ಹಿಡದ ಕರೆಯೂದಿಲ್ಲ, ಸುಮ್ಮ ಬಾಗಲಾ ಬಡೀತಿ. ಒಳಗಿಂದ ಯಾರ ಎದ್ದ ಬರತಾರ? ಅವರ ಡಿಫಾಲ್ಟ್." ಆಮೇಲೆ ನಾನು ಯಾವ ಪುಸ್ತಕದಲ್ಲೂ ಅದಕ್ಕಿಂತ ಚೆನ್ನಾದ ವಿವರಣೆ ಓದಿಲ್ಲ.

ಕೊರೋನಾ ಬಂದು ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದಾಗ ನಾನೂ ನನ್ನ ಗಂಡನೂ ಡೈಮಂಡ್ ಬಾರ್ ಎಂಬ ಊರಿಗೆ ಮನೆ ಬದಲಾಯಿಸಿದೆವು. ನೀಲಕ್ಕ ಬಾಡಿಗೆ ಕೋಣೆ ಖಾಲಿ ಮಾಡಿ ಫೋರ್ ಎಸ್ ರ್ಯಾಂಚಿಗೆ ಹೋದರು. ಆಮೇಲೆ ನಾವು ಕಂಡದ್ದೆಲ್ಲ ಪರದೆಯ ಮೇಲೆ. ಆ ವರ್ಷದ ಕೊನೆಗೆ ಮೀಟಿಂಗುಗಳಲ್ಲಿ ಅವರ ಮಾತು ಸ್ವಲ್ಪ ತೊದಲಿದಂತೆ, ಕೆಲವು ಅಕ್ಷರ ಒದ್ದೆಯಾದಂತೆ ಕೇಳಿಸತೊಡಗಿತು. ನಾವೆಲ್ಲ ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆವು. ಅವರೂ ಹಾಗೇ ಎಂದುಕೊಂಡು ಎರಡು ಸಲ ಇಂಟರ್ನೆಟ್ ಕಂಪನಿಯವರಿಗೆ ಫೋನ್ ಮಾಡಿ ಬೈದರಂತೆ. ಆಮೇಲೆ ಒಂದು ಬೆಳಿಗ್ಗೆ ಅವರ ಬಲಗೈ ಕಾರಿನ ಬೀಗದ ಕೈ ತಿರುಗಿಸಲಿಲ್ಲ.

ಎ.ಎಲ್.ಎಸ್. ಎಂದರು ಡಾಕ್ಟರು. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ. ಕೈಕಾಲು ಹೋಗುತ್ತದೆ, ಮಾತು ಹೋಗುತ್ತದೆ, ನುಂಗುವುದು ಹೋಗುತ್ತದೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಎಲ್ಲವನ್ನೂ ನೋಡುತ್ತಾ ಇದ್ದಲ್ಲೇ ಇರುತ್ತದೆ. ಔಷಧಿ ಎಂಬುದು ಹೆಸರಿಗೆ. ನೀಲಕ್ಕ ನನಗೆ ಫೋನ್ ಮಾಡಿ ಇದನ್ನೆಲ್ಲ ಟೆಸ್ಟಿಂಗ್ ರಿಪೋರ್ಟ್ ಓದಿದ ಹಾಗೆ ಓದಿ ಮುಗಿಸಿದರು. ಆಮೇಲೆ, "ಉಡುಪಿ, ಕೈ ಹ್ವಾದ್ರ ಹೋಗಲಿ. ಮಾತ ಹ್ವಾದ್ರ ನಾ ಯಾರ?" ಎಂದರು.

ಮಾತು ಹೋಗುವ ಮೊದಲೇ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವ ವ್ಯವಸ್ಥೆ ಇತ್ತು. ಓದಿ ಕೊಟ್ಟ ವಾಕ್ಯಗಳಿಂದ ಕಂಪ್ಯೂಟರ್ ಒಂದು ದನಿ ಕಟ್ಟಿಕೊಡುತ್ತದೆ, ಆಮೇಲೆ ಕಣ್ಣಿನಿಂದ ಅಕ್ಷರ ಆರಿಸಿದರೆ ಯಂತ್ರ ಆ ದನಿಯಲ್ಲಿ ಮಾತಾಡುತ್ತದೆ. ಆದರೆ ಅದೆಲ್ಲ ಇಂಗ್ಲಿಷಿನಲ್ಲಿ. ಆ ಯಂತ್ರಕ್ಕೂ ಇನ್ಶೂರೆನ್ಸ್ ಅಪ್ರೂವಲ್ ಬರಬೇಕಿತ್ತು, ಅದು ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ತಿಂಗಳುಗಟ್ಟಲೆ ಬರಲೇ ಇಲ್ಲ. ಮೇಘಾ, "ಇಟ್ಸ್ ಫೈನ್ ಅಮ್ಮ, ನಮಗೆಲ್ಲ ಇಂಗ್ಲಿಷ್ ಬರುತ್ತಲ್ಲ" ಎಂಬರ್ಥದಲ್ಲಿ ಇಂಗ್ಲಿಷಿನಲ್ಲೇ ಸಮಾಧಾನ ಹೇಳಿದಳಂತೆ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡುತ್ತಿರಲಿಲ್ಲ. ನೀಲಕ್ಕ ಕೇಳಲಿಲ್ಲ. "ಬೆನ್ನ ತುರಸಿದ್ರ ಇಂಗ್ಲಿಷಿನ್ಯಾಗ ಹೇಳಲೇನ ನಾ? ನನ್ನ ಮಾತ ನಾನ ಮಾಡಕೋತೀನಿ."

ಅವರು ಮಾಡಿಕೊಂಡದ್ದು ಬಹಳ ಸರಳ. ದಿನಬಳಕೆಯ ಮಾತುಗಳನ್ನು ಒಂದೊಂದಾಗಿ ಕನ್ನಡದಲ್ಲಿ ರೆಕಾರ್ಡ್ ಮಾಡಿ, ಒಂದೊಂದು ಮಾತಿಗೆ ಒಂದೊಂದು ಫೈಲ್ ಮಾಡಿ, ಫೋಲ್ಡರುಗಳಲ್ಲಿ ಜೋಡಿಸಿಡುವುದು. ಬೇಕಾದಾಗ ಫೋಲ್ಡರ್ ತೆರೆದು ಫೈಲನ್ನು ಒತ್ತಿದರೆ ನೀಲಕ್ಕ ಮಾತಾಡುತ್ತಾರೆ. ಅಷ್ಟೇ.

ನಾನು ಶನಿವಾರ ಭಾನುವಾರ ಫ್ರೀವೇ ಹಿಡಿದು ಅಲ್ಲಿಗೆ ಹೋಗತೊಡಗಿದೆ. ರೆಕಾರ್ಡಿಂಗ್ ನಡೆದದ್ದು ಅವರ ಮಲಗುವ ಕೋಣೆಯ, ಬಟ್ಟೆ ತೂಗುಹಾಕುವ ಕ್ಲಾಸೆಟ್ಟಿನಲ್ಲಿ. ಸುತ್ತ ಸೀರೆಗಳು ತೂಗುತ್ತಿದ್ದರಿಂದ ಅಲ್ಲಿ ದನಿ ಗುಂಯ್‌ಗುಡುತ್ತಿರಲಿಲ್ಲ. ಅವರು ಒಳಗೆ ಸ್ಟೂಲಿನ ಮೇಲೆ. ನಾನು ಮಾಸ್ಕ್ ಹಾಕಿ ಹೊರಗೆ ನೆಲದ ಮೇಲೆ, ಕಿವಿಗೆ ಹೆಡ್‌ಫೋನ್. "ನೀ ಟೆಸ್ಟರ್. ಒಂದ ಅಕ್ಷರ ಮೆತ್ತಗಾದ್ರೂ ಫೇಲ್ ಮಾಡ. ಕನಿಕರಾ ತೋರಿಸಬ್ಯಾಡ" ಎಂಬುದು ನನಗೆ ಕೊಟ್ಟ ಆರ್ಡರ್.

ಮೊದಲ ವಾರಗಳಲ್ಲಿ ಎಲ್ಲ ಪಾಸಾಗುತ್ತಿತ್ತು. ನೀರು, ಚಹಾ, ಚಾದರ, ಕಿಟಕಿ, ನೋವು. ಜೊತೆಗೆ ಬೈಗುಳಕ್ಕೇ ಬೇರೆ ಫೋಲ್ಡರ್. "ಇದಿಲ್ಲದ ಸಂಸಾರ ಹೆಂಗ ನಡೀತೈತಿ?" ಎಂದು ಒಂದರ ಮೇಲೊಂದು ಬೈದು ರೆಕಾರ್ಡ್ ಮಾಡಿ, ಒಳಗೇ ನಕ್ಕು, ನಕ್ಕದ್ದನ್ನೂ ಅದರಲ್ಲೇ ಉಳಿಸಿಕೊಂಡರು. ಆಮೇಲೆ ಒಂದೊಂದು ವಾರ ಒಂದೊಂದು ಅಕ್ಷರ ಕೈಕೊಡತೊಡಗಿತು. ಹಿಂದಿನ ಶನಿವಾರ ಸಲೀಸಾಗಿ ಬಂದ ಮಾತು ಈ ಶನಿವಾರ ಬರುತ್ತಿರಲಿಲ್ಲ. ನಾನು ಹೋಗುವ ದಾರಿಯಲ್ಲೇ, ಇವತ್ತು ಯಾವುದು ಹೋಗಿರಬಹುದು ಎಂದು ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತಿದ್ದೆ.

ಗಂಡನನ್ನು ಅವರು ಹೆಸರು ಹಿಡಿದೇ ಕರೆಯುತ್ತಿದ್ದರು, ಕಾಲೇಜಿನಲ್ಲಿ ಒಂದೇ ಕ್ಲಾಸಿನವರು. ಅದನ್ನು ರೆಕಾರ್ಡ್ ಮಾಡುವುದು ಯಾಕೋ ಹಿಂದೆ ಬಿದ್ದಿತ್ತು. ಒಂದು ಮಧ್ಯಾಹ್ನ ಕೂತರೆ ಶಿವಾನಂದ ಎಂಬುದು ಬರಲೇ ಒಲ್ಲದು. ಮೊದಲಕ್ಷರ ಗಾಳಿಯಾಗಿ ಹೋಗುತ್ತಿತ್ತು. ನಾನು ಫೇಲ್ ಎಂದೆ. ಮತ್ತೆ ಹೇಳಿದರು, ಫೇಲ್. ಮತ್ತೆ, ಮತ್ತೆ. ಒಳಗೆ ಮೈಕು ಕೆಳಗೆ ಬಿದ್ದ ಸದ್ದು. ಬಾಗಿಲು ಸರಿಸಿ ನೋಡಿದರೆ ನೀಲಕ್ಕ ಇಳಕಲ್ ಸೀರೆಯೊಂದರಲ್ಲಿ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ಅವರು ಅಳುವುದನ್ನು ನಾನು ಅಷ್ಟರವರೆಗೆ ನೋಡಿರಲಿಲ್ಲ. ಕೋಣೆಯ ಬಾಗಿಲ ಹೊರಗೆ ಭಾವ ನಿಂತಿದ್ದದ್ದು ನನಗೆ ಗೊತ್ತಿತ್ತು. ಶಿವಾನಂದ ಅವರನ್ನು ನಾನು ಭಾವ ಎಂದೇ ಕರೆಯುತ್ತಿದ್ದುದು. ಅವರು ಒಳಗೆ ಬರುವ ಧೈರ್ಯ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ನೀಲಕ್ಕ ಮುಖ ಒರೆಸಿಕೊಂಡು ಮೈಕು ಎತ್ತಿ ಕೊಡು ಎಂದು ಸನ್ನೆ ಮಾಡಿದರು. ಅರ್ಧ ಹೆಸರು ಹಿಡಿದು, "ಆನಂದಾ" ಎಂದರು. ಅದು ಸ್ವಚ್ಛವಾಗಿ ಬಂತು. ನಾನು ಪಾಸ್ ಎಂದೆ. "ಮೊದಲಿನ ಅರ್ಧ ಹ್ವಾತು," ಎಂದು ತೊದಲುತ್ತಲೇ ಹೇಳಿದರು, "ಆನಂದ ಉಳದಾನ. ಸಾಕಷ್ಟಾತು." ಹೊರಗಿದ್ದ ಭಾವ ಅಂದಿನಿಂದ ಆ ಹೆಸರಿಗೆ ಓಗೊಡತೊಡಗಿದರು.

ಕೈ ಪೂರ್ತಿ ಸೋತ ಮೇಲೆ ಹಣೆಯ ವಿಭೂತಿಯ ಕೆಳಗೆ ಹೊಳೆಯುವ ಒಂದು ಸಣ್ಣ ಚುಕ್ಕೆ ಅಂಟಿಸಿದರು. ಲ್ಯಾಪ್‌ಟಾಪಿನ ಮೇಲೆ ಕೂರಿಸಿದ ಕ್ಯಾಮೆರಾ ಆ ಚುಕ್ಕೆಯನ್ನು ಹಿಂಬಾಲಿಸುತ್ತದೆ. ತಲೆ ಅಲ್ಲಾಡಿಸಿದರೆ ಪರದೆಯ ಮೇಲಿನ ಬಾಣ ಅಲ್ಲಾಡುತ್ತದೆ. ಒಂದು ಕಡೆ ತುಸು ಹೊತ್ತು ನಿಲ್ಲಿಸಿದರೆ ಒಂದು ಕ್ಲಿಕ್ ಆಗುತ್ತದೆ. ಒಂದೇ ಕ್ಲಿಕ್, ಎರಡು ಆಗುವುದಿಲ್ಲ. ತೊಂದರೆ ಶುರುವಾದದ್ದು ಅಲ್ಲಿ. ಫೋಲ್ಡರನ್ನು ತೆರೆದು ಒಳಗಿನದನ್ನು ತೋರಿಸುವ ಪ್ರೋಗ್ರಾಮಿಗೆ ಫೈಲ್ ಮ್ಯಾನೇಜರ್ ಎನ್ನುತ್ತಾರೆ. ಅವರ ಲಿನಕ್ಸಿನ ಜೊತೆ ಬಂದಿದ್ದ ಫೈಲ್ ಮ್ಯಾನೇಜರ್ ಎರಡು ಕ್ಲಿಕ್ ಕೇಳುತ್ತಿತ್ತು. ಸೆಟ್ಟಿಂಗ್ ಬದಲಿಸಿ ಒಂದಕ್ಕೆ ಇಳಿಸಿದರೂ ಉದ್ದದ ಕನ್ನಡ ಹೆಸರುಗಳನ್ನು ಅರ್ಧಕ್ಕೇ ಕತ್ತರಿಸಿ ಚುಕ್ಕೆ ಹಾಕಿ ತೋರಿಸುತ್ತಿತ್ತು. "ಬೆನ್ನು" ಎಂದು ಶುರುವಾಗುವ ಫೈಲುಗಳೇ ಎಷ್ಟೋ ಇದ್ದವು. ಯಾವುದು ತುರಿಕೆ, ಯಾವುದು ನೋವು, ಯಾವುದು ದಿಂಬು ಸರಿಸು ಎಂಬುದು ತಿಳಿಯುವಂತಿರಲಿಲ್ಲ.

ಇನ್ನೊಂದು ಸಣ್ಣ ಫೈಲ್ ಮ್ಯಾನೇಜರ್ ಅವರಿಗೆ ಗೊತ್ತಿತ್ತು. ಹಗುರ, ದೊಡ್ಡ ಅಕ್ಷರ, ಪೂರ್ತಿ ಹೆಸರು, ಒಂದೇ ಕ್ಲಿಕ್. ಅವರು ಹೇಳಿದಂತೆ ನಾನು ಅದನ್ನು ಹಾಕಿದೆ. ಆದರೆ ಪರದೆಯ ಮೇಲಿನ ಫೋಲ್ಡರ್ ಒತ್ತಿದರೆ ಮತ್ತೆ ಹಳೆಯದೇ ತೆರೆದುಕೊಂಡಿತು. ಆಗ ಅವರಿಗೆ ತೊದಲುಮಾತು ಇನ್ನೂ ಉಳಿದಿತ್ತು. "ನಾ ಕರದಾಕಿ ಒಬ್ಬಾಕಿ, ಎದ್ದ ಬಂದಾಕಿ ಇನ್ನೊಬ್ಬಾಕಿ!" ಎಂದು ಸಿಡುಕಿದರು. ಆಮೇಲೆ ಕಮಾಂಡನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಫೋಲ್ಡರ್ ಎಂಬ ಬಾಗಿಲು ಬಡಿದಾಗ ಇನ್ನು ಮೇಲೆ ಎದ್ದು ಬರಬೇಕಾದವರು ಇವರು ಎಂದು ಲಿನಕ್ಸಿಗೆ ತಿಳಿಸುವ ಒಂದೇ ಸಾಲಿನ ಕಮಾಂಡ್. "ಬರದ ಆತಂದ್ರ ಮುಗೀಲಿಲ್ಲ. ಒಳಗ ಕುಂತಾಕಿನ್ನ ಎಬ್ಬಿಸಿ ಹೊರಗ ಹಾಕ" ಎಂದು, ಹಿನ್ನೆಲೆಯಲ್ಲಿ ಓಡುತ್ತಿದ್ದ ಹಳೆಯದನ್ನು ನನ್ನಿಂದಲೇ ನಿಲ್ಲಿಸಿದರು. ಫೋಲ್ಡರ್ ಒತ್ತಿದಾಗ ಹೊಸದು ಬಂತು. ಅವರು ತಲೆ ಅಲ್ಲಾಡಿಸಿ ಬಾಣವನ್ನು ಒಯ್ದು ನಿಲ್ಲಿಸಿದರು. "ಏ ಉಡುಪಿ, ಊಟಾ ಮಾಡಿ ಹೋಗ" ಎಂದು ತಿಂಗಳುಗಳ ಹಿಂದಿನ ಗಟ್ಟಿ ದನಿ ಕೋಣೆ ತುಂಬಿತು.

ಮರುವರ್ಷ ಮುಗಿಯುವ ಮೊದಲೇ ತೊದಲುಮಾತೂ ನಿಂತಿತು. ಆಮೇಲೆ ಅವರಿಗಿದ್ದ ಬಾಯಿ ಅದೊಂದೇ.

ಅದೂ ಒಂದು ದಿನ ಮುಚ್ಚಿ ಹೋಯಿತು. ಬೆಳಿಗ್ಗೆ ನಾನು ಕೆಲಸಕ್ಕೆ ಲಾಗಿನ್ ಆಗುವಷ್ಟರಲ್ಲಿ ಭಾವನ ಫೋನ್. "ವಿದ್ಯಾ, ಅಪ್‌ಡೇಟ್ ಮಾಡಲೇನು ಅಂತ ಕೇಳಿತ್ತು, ನಾ ಹ್ಞೂಂ ಅಂದೆ. ಈಗ ಅಕಿ ಫೋಲ್ಡರ್ ಒತ್ತಿದ್ರ ಬ್ಯಾರೇನೇ ತಗೀತೈತಿ, ಹೆಸರೆಲ್ಲಾ ಅರ್ಧಾ ಕಾಣತಾವ. ಮಾತ ಬರವಲ್ಲದು. ಏನೋ ಆಗೈತಿ ಅಕಿಗೆ, ಕಣ್ಣಾಗ ನೀರು ನಿಂದರವಲ್ಲದು. ಏನ ಅಂತ ತಿಳೀವಲ್ಲದು ನಂಗ."

ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಇಲ್ಲ. ಅವರ ನಡುವೆ ಅಷ್ಟು ಭಾಷೆ ಉಳಿದಿತ್ತು. ಭಾವ ತಲೆನೋವೇನು ಎಂದು ಕೇಳಿದ್ದರು, ಇಲ್ಲ. ಹೊಟ್ಟೆ, ಬೆನ್ನು, ಕಾಲು, ಬಾತ್‌ರೂಮು, ಬಾಯಾರಿಕೆ, ಚಳಿ, ಉಸಿರು. ಎಲ್ಲಕ್ಕೂ ಇಲ್ಲ. ಮನೆಗೆ ಬರುವ ನರ್ಸಿಗೆ ಫೋನ್ ಮಾಡಿದರೆ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದಳು. ನಾನು ವಿಡಿಯೋ ಕಾಲಿನಲ್ಲಿ ಕಮಾಂಡ್ ಹೇಳತೊಡಗಿದೆ. "ಎಕ್ಸ್, ಡಿ, ಜಿ, ಅಡ್ಡಗೆರೆ..." ಭಾವ ಸಿವಿಲ್ ಇಂಜಿನಿಯರ್. ರಸ್ತೆ, ಸೇತುವೆ ಕಟ್ಟಿಸಿದವರು. ಆದರೆ ಆ ಬೆಳಿಗ್ಗೆ ಅವರ ಬೆರಳು ಯಾವ ಅಕ್ಷರದ ಮೇಲೂ ನಿಲ್ಲುತ್ತಿರಲಿಲ್ಲ. ಅಡ್ಡಗೆರೆಗೆ ಓರೆಗೆರೆ ಒತ್ತುತ್ತಿದ್ದರು. ಅಳಿಸಿ ಮತ್ತೆ ಬರೆಯುತ್ತಿದ್ದರು. ಅವರ ಹಿಂದೆ ನೀಲಕ್ಕನ ಮುಖ ಕಾಣುತ್ತಿತ್ತು. ಮೂಗಿನ ಮೇಲೆ ಉಸಿರಾಟದ ಮಾಸ್ಕು, ಕೆನ್ನೆಯ ಮೇಲೆ ಒಂದೇ ಸಮನೆ ಇಳಿಯುವ ನೀರು. ಕೊನೆಗೊಮ್ಮೆ ಸರಿಯಾಗಿ ಬರೆದರು. ಫೋಲ್ಡರ್ ಒತ್ತಿದರೆ ಹಳೆಯದೇ ಬಂತು. ಹೊರಗಿನಿಂದ ಯಾರೂ ಒಳನುಗ್ಗದಂತೆ ನೀಲಕ್ಕ ಆ ಮಷಿನ್ನನ್ನು ಭದ್ರ ಮಾಡಿಟ್ಟಿದ್ದರಿಂದ ಇಲ್ಲಿಂದ ನಾನು ಏನೂ ಮಾಡುವಂತಿರಲಿಲ್ಲ. "ಬಂದೆ ಭಾವ" ಎಂದು ಕಾರಿನ ಕೀ ತೆಗೆದುಕೊಂಡೆ.

ಆ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಕರೋನಾ ಎಂಬ ಊರಿನಲ್ಲಿ ಟ್ರಾಫಿಕ್ ಜಾಮ್, ಟೆಮೆಕ್ಯುಲಾದಲ್ಲಿ ರಸ್ತೆ ರಿಪೇರಿ. ಗುಡ್ಡಗಳು ಒಣಗಿ ಹಳದಿಯಾಗಿದ್ದವು. ಕಾರಿನಲ್ಲಿ ಒಬ್ಬಳೇ ಕೂತು ನಾನು ಜೋರಾಗಿ ಒದರುತ್ತಿದ್ದೆ, ಮುಂದಿನ ಲಾರಿಗೆ, ಲಿನಕ್ಸಿಗೆ, ದೇವರಿಗೆ.

ಹೋದವಳೇ ಅವರ ಪಕ್ಕ ಕೂತು ಕಮಾಂಡ್ ಬರೆದೆ. ಅಪ್‌ಡೇಟ್ ಹಳೆಯ ಫೈಲ್ ಮ್ಯಾನೇಜರನ್ನೇ ಮತ್ತೆ ಡಿಫಾಲ್ಟ್ ಮಾಡಿತ್ತು, ಅದರ ಸೆಟ್ಟಿಂಗನ್ನೂ ಮೊದಲಿನಂತೆ ಎರಡು ಕ್ಲಿಕ್ಕಿಗೆ ತಿರುಗಿಸಿತ್ತು, ಅದು ಗೊತ್ತಾಯಿತು. ನಾನು ಬರೆದದ್ದಕ್ಕೆ ಲಿನಕ್ಸ್ ಯಾವ ತಕರಾರೂ ಮಾಡಲಿಲ್ಲ. ಆದರೆ ಒತ್ತಿದರೆ ಮತ್ತೆ ಅದೇ. ಹಳೆಯದನ್ನು ನಿಲ್ಲಿಸಿದೆ, ಮತ್ತೆ ಒತ್ತಿದೆ, ಮತ್ತೆ ಅದೇ ಎದ್ದು ಬಂತು. ತಿರುಗಿ ನೋಡಿದರೆ ನೀಲಕ್ಕ ಅಳುವುದನ್ನು ನಿಲ್ಲಿಸಿ ಪರದೆಯನ್ನೇ ನೋಡುತ್ತಿದ್ದರು. ನಾನು ಅದೇ ಕಮಾಂಡನ್ನು ಇನ್ನೊಮ್ಮೆ ಬರೆಯಹೋದೆ. ಕಣ್ಣು ಗಟ್ಟಿಯಾಗಿ ಮುಚ್ಚಿದರು.

"ತಪ್ಪಾ? ಕಮಾಂಡ್ ತಪ್ಪಾ ನೀಲಕ್ಕ?"

ಮುಚ್ಚಿದರು. ಅಲ್ಲ.

"ಹಾಗಾದ್ರೆ ಎಂತ? ಹೆಸರಾ? ಪ್ರೋಗ್ರಾಮಿನ ಹೆಸರು ತಪ್ಪಾ?"

ಕಣ್ಣು ಮೇಲಕ್ಕೆ ಹೋಯಿತು. ಅಲ್ಲೇ ನಿಂತಿತು.

ಅಪ್‌ಡೇಟಿನಲ್ಲಿ ಆ ಸಣ್ಣ ಫೈಲ್ ಮ್ಯಾನೇಜರಿನ ಹೆಸರೇ ಬದಲಾಗಿತ್ತು. ಇಲ್ಲದ ಹೆಸರನ್ನು ಬರೆದು ಕೊಟ್ಟರೂ ಲಿನಕ್ಸ್ ಇಲ್ಲ ಎನ್ನದೆ ಸುಮ್ಮನೆ ತೆಗೆದುಕೊಳ್ಳುತ್ತದೆ. ಬಾಗಿಲು ಬಡಿದಾಗ ಆ ಹೆಸರಿನವರು ಯಾರೂ ಸಿಕ್ಕದೆ ಹಳಬರನ್ನೇ ಕಳಿಸುತ್ತದೆ. ನಾನು ಮಷಿನ್ನಿನಲ್ಲಿದ್ದ ಪ್ರೋಗ್ರಾಮುಗಳ ಹೆಸರುಗಳನ್ನೆಲ್ಲ ಪರದೆಗೆ ತಂದು ಮೆಲ್ಲಗೆ ಕೆಳಗಿಳಿಸಿದೆ. ಒಂದು ಕಡೆ ಅವರ ಕಣ್ಣು ಮೇಲೇರಿತು. ಹೊಸ ಹೆಸರು ಅದೇ. ಬರೆದೆ. ಒಳಗೆ ಕೂತದ್ದನ್ನು ನಿಲ್ಲಿಸಿದೆ. ಫೋಲ್ಡರ್ ಒತ್ತಿದೆ. ದೊಡ್ಡ ಅಕ್ಷರಗಳು ಪರದೆ ತುಂಬ ಹರಡಿಕೊಂಡವು.

ಅವರ ತಲೆ ಅಲುಗಿತು. ಬಾಣ ತಡವರಿಸಿಕೊಂಡು ನೋವು ಎಂಬ ಫೋಲ್ಡರಿಗೆ ಹೋಯಿತು. ನಿಂತಿತು. "ಎಡಗಿವಿ ಹಿಂದ ನೋಡ್ರಿ" ಎಂದಿತು ದನಿ. ಭಾವ ಓಡಿ ಬಂದು ಮಾಸ್ಕಿನ ಪಟ್ಟಿ ಎತ್ತಿದರು. ಪಟ್ಟಿ ಹೊರಳಿ ಕಿವಿಯ ಹಿಂದೆ ಚರ್ಮ ಸುಲಿದು ಹಸಿ ಗಾಯವಾಗಿತ್ತು. ಬೆಳಗಿನಿಂದ ಅದು ಮಾಂಸಕ್ಕೆ ಒತ್ತಿಕೊಂಡೇ ಇತ್ತು. ಎಲ್ಲ ಕೇಳಿದ್ದ ಭಾವನಿಗೆ ಕಿವಿ ಎಂಬುದು ಮಾತ್ರ ಹೊಳೆದಿರಲಿಲ್ಲ. ಅವರು ಆ ಪಟ್ಟಿ ಹಿಡಿದುಕೊಂಡೇ ನಿಂತರು. ಆಗ ಬಾಣ ಇನ್ನೊಂದು ಫೋಲ್ಡರಿಗೆ ಸರಿಯಿತು. "ಕಣ್ಣ ಅದಾವೋ ಇಲ್ಲೋ ನಿನಗ? ಏನ ಬರೇ ಬಟನ್ ಹಚ್ಚ್ಯಾರೇನ?" ಹಿಂದೆಯೇ ಕ್ಲಾಸೆಟ್ಟಿನ ನಗು. ಭಾವ ಹೆಂಡತಿಯ ಹಣೆಗೆ ಹಣೆ ಹಚ್ಚಿ ಅತ್ತರು. ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಆ ಮಷಿನ್ನಿಗೆ ಇನ್ನೆಂದೂ ಅಪ್‌ಡೇಟ್ ಬಾರದಂತೆ ಮಾಡಿ ಬಂದೆ. ಅದರಿಂದೇನು, ಕಾಯಿಲೆಗೆ ಹಾಗೆ ಮಾಡಲು ಬರುತ್ತಿರಲಿಲ್ಲ. ಮುಂದಿನ ಚಳಿಗಾಲಕ್ಕೆ ಕತ್ತು ಸೋತಿತು. ಬಾಣ ಪರದೆಯ ಕೆಳಗೆ ಜಾರಿ ಅಲ್ಲೇ ಬಿದ್ದುಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಕಣ್ಣಿನಿಂದ ನಡೆಸುವ ಇಂಗ್ಲಿಷ್ ಯಂತ್ರ ಬಂತು. ಮೇಘಾ ಓದನ್ನು ನಿಲ್ಲಿಸಿ ಮನೆಗೆ ಬಂದು ಅದನ್ನು ಜೋಡಿಸಿದಳು. ಯಾರದೋ ನಯವಾದ ದನಿ ಅದರದ್ದು. ನೀಲಕ್ಕ ಡಾಕ್ಟರುಗಳ ಜೊತೆ ಅದರಲ್ಲಿ ಮಾತಾಡುತ್ತಿದ್ದರು. ಮನೆಯ ಮಾತಿಗೆ ಭಾವ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು, ಮೌಸ್ ಹಿಡಿದು, ಒಂದೊಂದು ಹೆಸರನ್ನೂ ಓದುತ್ತಾ ಹೋಗುತ್ತಿದ್ದರು. ಬೇಕಾದದ್ದು ಬಂದಾಗ ಅವರು ಕಣ್ಣೆತ್ತುತ್ತಿದ್ದರು. ಭಾವ ಒತ್ತುತ್ತಿದ್ದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಸ್ಯಾನ್ ಡಿಯಾಗೋದ ಒಂದು ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಹೊತ್ತು. ಉಸಿರು ಮಾಸ್ಕಿಗೂ ಬಗ್ಗುತ್ತಿರಲಿಲ್ಲ. ಡಾಕ್ಟರ್ ಮೃದು ಮಾತಿನ ಹೆಂಗಸು. ಹಾಸಿಗೆಯ ಪಕ್ಕ ಕೂತು ಹೇಳಿದರು. ಗಂಟಲಲ್ಲಿ ತೂತು ಮಾಡಿ ಉಸಿರಾಟದ ಯಂತ್ರಕ್ಕೆ ಜೋಡಿಸಬಹುದು, ಆಮೇಲೆ ಅದನ್ನು ಬಿಟ್ಟು ಇರಲು ಆಗುವುದಿಲ್ಲ. ಬೇಡವೆಂದರೆ ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ, ಮನೆಗೆ ಕರೆದುಕೊಂಡು ಹೋಗಬಹುದು. ತೀರ್ಮಾನ ನೀಲಾ ಅವರದು. ನೀಲಕ್ಕನ ಕಣ್ಣು ಆ ವಾರ ಸೋಂಕಾಗಿ ಕೆಂಪಗಿತ್ತು. ಇಂಗ್ಲಿಷ್ ಯಂತ್ರದ ಕ್ಯಾಮೆರಾಕ್ಕೆ ಅವರ ನೋಟ ಸಿಗುತ್ತಿರಲಿಲ್ಲ. ಭಾವ ಹಳೆಯ ಲ್ಯಾಪ್‌ಟಾಪನ್ನು ಊಟದ ಟ್ರೇಯ ಮೇಲಿಟ್ಟು ತೆರೆದರು.

"ಅಪ್ಪಾ, ಡೋಂಟ್ ಲೀಡ್ ಹರ್" ಎಂದಳು ಮೇಘಾ. ಅಪ್ಪ ತಾನೇ ಉತ್ತರ ಹೇಳಿಸಬಾರದು ಎಂದು.

ಭಾವ ಒಂದೊಂದೇ ಫೋಲ್ಡರ್ ಓದಿದರು. ಬೇಕು ಎಂಬಲ್ಲಿ ಅವರ ದನಿ ಸ್ವಲ್ಪ ನಿಂತು ಹೋಯಿತು. ನೀಲಕ್ಕ ಕಣ್ಣು ಮುಚ್ಚಿದರು. ಬ್ಯಾಡ ಎಂಬಲ್ಲೂ ಮುಚ್ಚಿದರು. ನೋವು, ಮೇಘಾ, ಬೈಗುಳ. ಎಲ್ಲಕ್ಕೂ ಮುಚ್ಚಿದರು. ಊಟ ಎಂಬಲ್ಲಿ ಎತ್ತಿದರು. ಭಾವನಿಗೆ ಗೊಂದಲವಾಯಿತು. "ಹಸಿವ್ಯಾಗೈತೇನ?" ಎಂದರು. ಇಲ್ಲ. ತೆರೆದು ಓದುತ್ತಾ ಹೋದರು. ಒಂದು ಕಡೆ ಕಣ್ಣು ಮೇಲೇರಿತು. ಅವರು ಒತ್ತಿದರು.

"ಸಾಕ್ ಸಾಕೋ ಮಾರಾಯಾ, ಇನ್ನ ಒಂದ ಅಗಳೂ ಬ್ಯಾಡ! ಹೊಟ್ಟಿ ತುಂಬೈತಿ!"

ಅದು ಮೊದಲ ವಾರದ ರೆಕಾರ್ಡಿಂಗ್. ಒಂದು ಅಕ್ಷರವೂ ಮೆತ್ತಗಿರಲಿಲ್ಲ. ಬಡಿಸುವವರ ಕೈ ತಡೆದು ನಗುತ್ತಾ ಆಡಿದ ಮಾತು ಆಸ್ಪತ್ರೆಯ ಆ ಕೋಣೆಯಲ್ಲಿ ಜೋರಾಗಿ ಕೇಳಿಸಿತು. ಡಾಕ್ಟರ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಏನು ಹೇಳಿದರು ಎಂದು ಕೇಳಿದರು. ಭಾವ ಗೋಡೆಯ ಕಡೆ ತಿರುಗಿದ್ದರು.

"ಶೀ ಸೇಸ್," ಎಂದಳು ಮೇಘಾ, "ಶೀ ಸೇಸ್ ಶೀಸ್ ಫುಲ್."

ಡಾಕ್ಟರಿಗೆ ಅಷ್ಟು ಸಾಲದು. ಸ್ಪಷ್ಟವಾಗಿ ಕೇಳಬೇಕು ಎಂದರು. ಮೇಘಾ ಅಮ್ಮನ ಮುಖದ ಹತ್ತಿರ ಬಗ್ಗಿದಳು. ಅವಳ ಬಾಯಿಂದ ಕನ್ನಡ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅಮ್ಮಾ, ಮಷಿನ್ ಬ್ಯಾಡೇನ ನಿನಗ?" ಅದೇ ಹುಬ್ಬಳ್ಳಿ ರಾಗ. ಇಷ್ಟು ವರ್ಷ ಒಳಗೇ ಎಲ್ಲಿ ಕೂತಿತ್ತೋ. ನೀಲಕ್ಕನ ಕಣ್ಣು ಮೇಲೇರಿ, ಮಗಳ ಮುಖದ ಮೇಲೆ ಇಳಿದು, ಅಲ್ಲಿಂದ ಕದಲಲಿಲ್ಲ.

ಮನೆಗೆ ಕರೆದುಕೊಂಡು ಹೋದರು. ಹೆಚ್ಚು ದಿನ ಉಳಿಯಲಿಲ್ಲ.

ಕೆಲವು ತಿಂಗಳ ಮೇಲೆ ಭಾವ ಫೋನ್ ಮಾಡಿ, ಬಿಡುವಾದಾಗ ಒಮ್ಮೆ ಬಂದು ಹೋಗು ಎಂದರು. ಹೋದೆ. ಮೇಘಾ ಮತ್ತೆ ಕಾಲೇಜಿಗೆ ಹೋಗಿದ್ದಳು. ಲ್ಯಾಪ್‌ಟಾಪು ಡೈನಿಂಗ್ ಟೇಬಲ್ಲಿನ ಮೇಲೆ ತೆರೆದೇ ಇತ್ತು. ಅವರು ಅದಕ್ಕೆ ಕೈ ತಾಗದಂತೆ ದೂರ ಕುರ್ಚಿ ಹಾಕಿ ಕೂತರು.

"ಇದನ್ನ ಮೊದಲಿನಂಗ ಮಾಡಿಕೊಡವಾ. ಆ ಹಳೇದು ಇತ್ತಲ್ಲ, ಎರಡ ಸಲ ಒತ್ತಬೇಕಾಗಿದ್ದು. ಅದನ್ನ ತಂದ ಕೂಡಸು."

"ಯಾಕೆ ಭಾವ?"

"ಧೂಳಾ ಒರಸಾಕ ಹ್ವಾದ್ರ ಮಾತಾಡತಾಳ. ಕರೆಂಟ್ ಬಿಲ್ ಹುಡುಕಾಕ ಹ್ವಾದ್ರ ಚಹಾ ಬೇಕ ಅಂತಾಳ. ಮೊನ್ನಿ ನನ್ನ ತೋಳ ತಾಗಿ 'ಆನಂದಾ' ಅಂದಳು. ನಾ ಹ್ಞಾ ಅಂತ ಎದ್ದ ಹೋದೆ, ಬೆಡ್‌ರೂಮಿನ ತನಕಾ ಹೋದೆ." ಅವರು ಕನ್ನಡಕ ತೆಗೆದು ಅಂಗಿಗೆ ಒರೆಸಿದರು. "ಅಳಸಬ್ಯಾಡ. ಒಂದೂ ಅಳಸಬ್ಯಾಡ. ಒಂದ ಸಲ ಒತ್ತೂದು ಗೊತ್ತಿಲ್ಲದ ಆಗಿಬಿಡತೈತಿ. ಎರಡ ಸಲ ಅಂದ್ರ ಮನಸ ಮಾಡಿ ಒತ್ತಬೇಕು. ಹಂಗಾದ್ರ ನಾ ತಡೀತೀನಿ."

ನಾನು ಕೂತು ಆ ಒಂದು ಸಾಲಿನ ಕಮಾಂಡನ್ನು ಹಳೆಯ ಫೈಲ್ ಮ್ಯಾನೇಜರಿನ ಹೆಸರು ಹಾಕಿ ಬರೆದೆ. ಓಡುತ್ತಿದ್ದದ್ದನ್ನು ನಿಲ್ಲಿಸಿದೆ. ಫೋಲ್ಡರ್ ತೆರೆದು ಭಾವನ ಕಡೆ ತಿರುಗಿಸಿದೆ. ಹೆಸರುಗಳು ಅರ್ಧಕ್ಕೆ ಕತ್ತರಿಸಿ ಚುಕ್ಕೆ ಚುಕ್ಕೆಯಾಗಿದ್ದವು.

ಅವರು ಕುರ್ಚಿ ಹತ್ತಿರ ಎಳೆದುಕೊಂಡು ಒಂದರ ಮೇಲೆ ಒಂದೇ ಸಲ ಒತ್ತಿದರು. ಅದು ನೀಲಿಯಾಯಿತು, ಅಷ್ಟೇ. ಸದ್ದಿಲ್ಲ. ಹೊರಗೆ ಪಕ್ಕದ ಮನೆಯವರ ಗ್ಯಾರೇಜ್ ಬಾಗಿಲು ಏರಿ ಇಳಿಯಿತು. ಅವರ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

"ಬರೋಬರಿ ಆತು" ಎಂದರು. ಬೆರಳನ್ನು ಮಾತ್ರ ತೆಗೆಯಲಿಲ್ಲ.